ಕಾಲ್ಬೆರಳ ಸಂದಿಯ ಕೆಸರು ಹುಣ್ಣು: ಫೋನಿನಲ್ಲೇ ವೈದ್ಯರ ಸಲಹೆ ಪಡೆಯುವುದು ಹೇಗೆ?

ಮಳೆಗಾಲ ಬಂತೆಂದರೆ ಕರಾವಳಿಯಲ್ಲಿರುವ ನಮಗೆ ಕಾಲು ಒದ್ದೆಯಾಗುವುದು ಹೊಸ ವಿಷಯವಲ್ಲ. ಘಟ್ಟದ ಮೇಲೆ, ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನಲ್ಲಿ ನಮ್ಮಷ್ಟು ಮಳೆ ಇಲ್ಲ. ಆದರೆ ಅಲ್ಲಿ ಭದ್ರಾ ನಾಲೆಯ ನೀರಿದೆ, ಸೂಳೆಕೆರೆ ಎಂದೂ ಶಾಂತಿಸಾಗರ ಎಂದೂ ಕರೆಯುವ ದೊಡ್ಡ ಕೆರೆಯ ನೀರಿದೆ, ಭತ್ತದ ಗದ್ದೆಗಳೂ ಅಡಿಕೆ ತೋಟಗಳೂ ಇವೆ. ನಾಟಿ ಮಾಡುವವರು, ತೋಟಕ್ಕೆ ನೀರು ಕಟ್ಟುವವರು, ಗಂಬೂಟು ಹಾಕಿಕೊಂಡು ದಿನವಿಡೀ ದುಡಿಯುವವರು ಸಂಜೆ ಮನೆಗೆ ಬಂದು ಕಾಲು ತೊಳೆದಾಗ ಬೆರಳ ಸಂದಿಯಲ್ಲಿ ಬಿಳಿಚಿಕೊಂಡು ಬಿರಿದ ಚರ್ಮ ಕಾಣಿಸುತ್ತದೆ. ತುರಿಕೆ, ಉರಿ, ಕೆಲವೊಮ್ಮೆ ಕೆಟ್ಟ ವಾಸನೆ. ಕೆಸರು ಹುಣ್ಣು ಎಂದು ಹೇಳಿ ಸುಮ್ಮನಾಗುವುದೇ ರೂಢಿ.

ಇದಕ್ಕೆ ವೈದ್ಯರ ಸಲಹೆಯನ್ನು ಮನೆಯಿಂದಲೇ ಪಡೆಯಬಹುದು ಎಂಬುದು ಹಲವರಿಗೆ ತಿಳಿದಿಲ್ಲ. ತಿಳಿದವರಲ್ಲೂ ಕೆಲವರು ಅದನ್ನು ಸರಿಯಾಗಿ ಬಳಸಿಕೊಳ್ಳುತ್ತಿಲ್ಲ. ಆದ್ದರಿಂದ ಈ ಲೇಖನದಲ್ಲಿ ಚನ್ನಗಿರಿಯಂಥ ಊರನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿವರಿಸಬಯಸುತ್ತೇವೆ. ಇಲ್ಲಿ ಹೇಳಿರುವುದು ಕರಾವಳಿಯ ಮನೆಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಚನ್ನಗಿರಿಯೇ ಏಕೆ?

ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಕರಾವಳಿಯ ಹೆಚ್ಚಿನವರಿಗೆ ಚರ್ಮರೋಗ ತಜ್ಞರು ಒಂದೆರಡು ಬಸ್ಸಿನ ದೂರದಲ್ಲಿ ಸಿಗುತ್ತಾರೆ. ಚನ್ನಗಿರಿಯಲ್ಲಿ ತಾಲೂಕು ಆಸ್ಪತ್ರೆಯಿದೆ, ಹೋಬಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಆದರೆ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗ ಬೇಕೆಂದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರ ಸ್ಥಿತಿಯೂ ಇದೇ.

ಸಂತೇಬೆನ್ನೂರು ಕಡೆಯ ತೋಟದ ಕೆಲಸದ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ತಜ್ಞರನ್ನು ಕಾಣಲು ಹೊರಟರೆ ಆಕೆಗೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಬೆರಳ ಸಂದಿಯ ತುರಿಕೆಗಾಗಿ ಅಷ್ಟನ್ನು ಯಾರು ಕಳೆದುಕೊಳ್ಳುತ್ತಾರೆ? ಆದ್ದರಿಂದ ಆಕೆ ಅಂಗಡಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎನ್ನುತ್ತಾಳೆ. ನಿಜವಾದ ತೊಂದರೆ ಶುರುವಾಗುವುದು ಇಲ್ಲಿಂದಲೇ.

ಅಂಗಡಿಯ ಟ್ಯೂಬಿನಲ್ಲಿ ಏನಿದೆ?

ನಮ್ಮ ದೇಶದಲ್ಲಿ ತುರಿಕೆಗೆಂದು ಮಾರಾಟವಾಗುವ ಎಷ್ಟೋ ಮುಲಾಮುಗಳಲ್ಲಿ ಮೂರು ಬಗೆಯ ಔಷಧಿಗಳು ಬೆರೆತಿರುತ್ತವೆ: ಶಿಲೀಂಧ್ರವನ್ನು ಕೊಲ್ಲುವ ಒಂದು ಔಷಧಿ, ಬ್ಯಾಕ್ಟೀರಿಯಾ ಕೊಲ್ಲುವ ಇನ್ನೊಂದು, ಜೊತೆಗೆ ಒಂದು ಸ್ಟೀರಾಯ್ಡ್. ಸ್ಟೀರಾಯ್ಡ್ ಹಚ್ಚಿದೊಡನೆ ತುರಿಕೆ ತಗ್ಗುತ್ತದೆ, ಕೆಂಪು ಮಾಯವಾಗುತ್ತದೆ. ‘ಒಳ್ಳೆಯ ಮದ್ದು’ ಎಂದು ಹೆಸರು ಬರುತ್ತದೆ. ಆದರೆ ಅದು ಆ ಜಾಗದಲ್ಲಿ ದೇಹದ ರಕ್ಷಣಾ ಶಕ್ತಿಯನ್ನೇ ಕುಗ್ಗಿಸುತ್ತದೆ. ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಮುಲಾಮು ನಿಲ್ಲಿಸಿದ ಕೂಡಲೇ ಮೊದಲಿಗಿಂತ ಹೆಚ್ಚಾಗಿ ಮರುಕಳಿಸುತ್ತದೆ. ಮತ್ತೆ ಅದೇ ಟ್ಯೂಬ್ ಕೊಳ್ಳುತ್ತೇವೆ. ಹೀಗೆ ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಚರ್ಮ ತೆಳುವಾಗುವುದೂ ಉಂಟು. ಸೋಂಕಿನ ರೂಪವೇ ಬದಲಾಗಿ, ವೈದ್ಯರಿಗೂ ತಕ್ಷಣ ಗುರುತು ಸಿಗದಂತಾಗುತ್ತದೆ.

ಭಾರತದ ಚರ್ಮರೋಗ ತಜ್ಞರ ಸಂಘವು ಈ ಬಗ್ಗೆ ಬಹಳ ವರ್ಷಗಳಿಂದ ಎಚ್ಚರಿಸುತ್ತಾ ಬಂದಿದೆ. 2018ರಲ್ಲಿ ಕೇಂದ್ರ ಸರಕಾರವು ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14 ಬಗೆಯವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ನಿಯಮ ಬಿಗಿಗೊಳಿಸಿತು. ನಿಯಮ ಬಂದರೂ ಅಭ್ಯಾಸ ಪೂರ್ತಿ ಹೋಗಿಲ್ಲ. ಇದರ ಜೊತೆಗೆ, ಟರ್ಬಿನಾಫಿನ್ ಎಂಬ ಮುಖ್ಯ ಔಷಧಿಗೆ ಬಗ್ಗದ ಶಿಲೀಂಧ್ರವೂ ಭಾರತದಲ್ಲಿ ಹರಡಿದೆ. ಅದು ಹೆಚ್ಚಾಗಿ ಕಾಣುವುದು ತೊಡೆಸಂದು ಮತ್ತು ಮೈಮೇಲೆ. 2020ರಲ್ಲಿ ವಿಜ್ಞಾನಿಗಳು ಅದಕ್ಕೆ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ನಮ್ಮ ದೇಶದ ಹೆಸರನ್ನೇ ಸೇರಿಸಿ ಹೆಸರಿಟ್ಟಿದ್ದಾರೆ.

ಮನೆಯಲ್ಲಿರುವ ಟ್ಯೂಬನ್ನು ಒಮ್ಮೆ ತೆಗೆದು ಓದಿ. ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ವೈದ್ಯರು ನಿಮಗಾಗಿ ಬರೆದಿದ್ದರೆ ಅವರನ್ನೇ ಕೇಳಿ. ತಾನಾಗಿ ತಂದದ್ದಾದರೆ ಕೆಸರು ಹುಣ್ಣಿಗೆ ಅದನ್ನು ಹಚ್ಚಬೇಡಿ.

ರೋಗದ ಪರಿಚಯ

ಇದು ಕೆಸರಿನಿಂದಲೇ ಹುಟ್ಟುವ ರೋಗವಲ್ಲ. ಚರ್ಮದ ಹೊರಪದರವನ್ನು ತಿಂದು ಬದುಕುವ ಶಿಲೀಂಧ್ರಗಳು ಇದಕ್ಕೆ ಕಾರಣ. ಅವಕ್ಕೆ ತೇವ, ಬಿಸಿ ಮತ್ತು ಗಾಳಿಯಾಡದ ಜಾಗ ಬೇಕು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದಿ ಬಹಳ ಇಕ್ಕಟ್ಟು. ಆದ್ದರಿಂದ ಸೋಂಕು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭವಾಗುತ್ತದೆ. ಸದಾ ನೀರಿನಲ್ಲಿ ಕೆಲಸ ಮಾಡುವವರಲ್ಲಿ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರವೂ ಸೇರಿಕೊಳ್ಳಬಹುದು. ಕೆಲವರಿಗೆ ಅಂಗಾಲು ಪೂರ್ತಿ ಒಣಗಿ ಹಿಟ್ಟಿನಂತೆ ಉದುರುತ್ತದೆ. ಕೆಲವರಿಗೆ ಪಾದದ ಅಂಚಿನಲ್ಲಿ ಸಣ್ಣ ನೀರುಗುಳ್ಳೆಗಳು ಏಳುತ್ತವೆ.

ಒಬ್ಬರಿಂದ ಒಬ್ಬರಿಗೆ ಹರಡುವುದು ಒದ್ದೆ ನೆಲ, ಒಂದೇ ಟವೆಲ್, ಅದಲುಬದಲಾದ ಚಪ್ಪಲಿ, ಒಣಗದ ಸಾಕ್ಸ್ ಮೂಲಕ. ಬಚ್ಚಲನ್ನು ಹಲವರು ಹಂಚಿಕೊಳ್ಳುವ ವಸತಿ ನಿಲಯಗಳಲ್ಲಿ ಇದು ಬೇಗ ಹಬ್ಬುತ್ತದೆ. ಕಾಲು ತುರಿಸಿದ ಕೈಯಿಂದಲೇ ತೊಡೆಸಂದಿಗೂ ದಾಟುತ್ತದೆ.

ಫೋನಿನಲ್ಲಿ ಚಿಕಿತ್ಸೆಗೆ ಒಪ್ಪಿಗೆ ಇದೆಯೇ?

ಇದೆ. ಕೇಂದ್ರ ಆರೋಗ್ಯ ಸಚಿವಾಲಯವು 2020ರ ಮಾರ್ಚ್ 25ರಂದು ದೂರವೈದ್ಯಕೀಯ ಮಾರ್ಗಸೂಚಿಯನ್ನು ಪ್ರಕಟಿಸಿತು. ನೋಂದಾಯಿತ ವೈದ್ಯರು ವಿಡಿಯೋ, ಧ್ವನಿ ಅಥವಾ ಬರಹದ ಮೂಲಕ ರೋಗಿಗೆ ಸಲಹೆ ನೀಡಬಹುದೆಂದು ಅದು ಸ್ಪಷ್ಟಪಡಿಸಿತು. ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಮುಖ್ಯ ಅಂಶ ಅದರಲ್ಲಿದೆ. ಮೊದಲ ಭೇಟಿಯಲ್ಲೇ, ವಿಡಿಯೋ ಮೂಲಕ ನೋಡಿ ಬರೆಯಬಹುದಾದ ಔಷಧಿಗಳ ಪಟ್ಟಿಯಲ್ಲಿ ಚರ್ಮಕ್ಕೆ ಹಚ್ಚುವ ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರ ನಾಶಕ ಮುಲಾಮು ಸೇರಿದೆ. ಅಂದರೆ ಕೆಸರು ಹುಣ್ಣಿನಂಥ ಸೋಂಕು ಈ ವ್ಯವಸ್ಥೆಗೆ ಚೆನ್ನಾಗಿ ಹೊಂದುವ ಕಾಯಿಲೆ. ಕಣ್ಣಿಗೆ ಕಾಣುತ್ತದೆ, ಕ್ಯಾಮೆರಾಕ್ಕೂ ಕಾಣುತ್ತದೆ. ಆದ್ದರಿಂದ ಬರೀ ಸಂದೇಶ ಕಳುಹಿಸದೆ ವಿಡಿಯೋ ಕರೆಯನ್ನೇ ಕೇಳಿ.

ಮಾರ್ಗಸೂಚಿಯ ಇನ್ನೂ ಕೆಲವು ಅಂಶಗಳು ತಿಳಿದಿರಲಿ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಔಷಧಿ ಚೀಟಿಯಲ್ಲಿ ತೋರಿಸಬೇಕು. ಇಂಥದ್ದೇ ಅಂಗಡಿಯಲ್ಲಿ ಕೊಳ್ಳಿ ಎಂದು ಒತ್ತಾಯಿಸುವಂತಿಲ್ಲ. ಫೋನಿನಲ್ಲಿ ನೋಡಿದ್ದು ಸಾಲದು ಎನಿಸಿದರೆ ನೇರವಾಗಿ ಬನ್ನಿ ಎಂದು ಹೇಳುವ ಹಕ್ಕು ಅವರಿಗಿದೆ. ಮಕ್ಕಳಾದರೆ ಜೊತೆಯಲ್ಲಿ ದೊಡ್ಡವರು ಇರಬೇಕು. ಕೃತಕ ಬುದ್ಧಿಮತ್ತೆಯ ಯಂತ್ರಗಳು ರೋಗಿಗೆ ತಾವಾಗಿ ಸಲಹೆ ನೀಡುವುದಕ್ಕೂ ಔಷಧಿ ಬರೆಯುವುದಕ್ಕೂ ಈ ಮಾರ್ಗಸೂಚಿಯಲ್ಲಿ ಅವಕಾಶವಿಲ್ಲ. ಮೊಬೈಲಿನಲ್ಲಿ ಯಂತ್ರವನ್ನು ಕೇಳಿ ಮುಲಾಮು ತರುವವರು ಇದನ್ನು ಗಮನಿಸಬೇಕು.

ಇ-ಸಂಜೀವಿನಿ: ಎರಡು ದಾರಿಗಳು

ನಮ್ಮ ರಾಜ್ಯಕ್ಕೆ ದೂರವೈದ್ಯಕೀಯ ಹೊಸದಲ್ಲ. ಸುಮಾರು 2002ರಲ್ಲೇ ಇಸ್ರೋದ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಆಗ ಅದು ಹೃದಯದ ಕಾಯಿಲೆಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ. ಇಂದು ಸಾಮಾನ್ಯ ಮೊಬೈಲ್ ಸಾಕು.

ಕೇಂದ್ರ ಸರಕಾರದ ಇ-ಸಂಜೀವಿನಿ ಸೇವೆಯನ್ನು ಮೊಹಾಲಿಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದೆ. ಇದು 2019ರ ನವೆಂಬರ್‌ನಲ್ಲಿ ಆರೋಗ್ಯ ಕೇಂದ್ರಗಳಲ್ಲಿ ಆರಂಭವಾಯಿತು. ಕೊರೋನಾ ಕಾಲದಲ್ಲಿ, 2020ರ ಏಪ್ರಿಲ್ 13ರಂದು ಮನೆಯಿಂದಲೇ ಬಳಸುವ ಹೊರರೋಗಿ ವಿಭಾಗವೂ ಸೇರಿತು. 2023ರ ಫೆಬ್ರವರಿ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆಗಳು ನಡೆದಿದ್ದವು. ಇದು ಉಚಿತ ಸೇವೆ.

ಮೊದಲ ದಾರಿ ಮನೆಯಿಂದ. ಇ-ಸಂಜೀವಿನಿ ಆ್ಯಪ್ ಅಥವಾ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ ಕೊಟ್ಟರೆ ಒಂದು ಗುಪ್ತ ಸಂಖ್ಯೆ ಬರುತ್ತದೆ. ಅದನ್ನು ನಮೂದಿಸಿ, ಹೆಸರು, ವಯಸ್ಸು, ತೊಂದರೆಗಳನ್ನು ಬರೆದು, ಕರ್ನಾಟಕವನ್ನು ಆಯ್ದುಕೊಳ್ಳಬೇಕು. ಸರದಿ ಬಂದಾಗ ವೈದ್ಯರು ವಿಡಿಯೋದಲ್ಲಿ ಕಾಣಿಸುತ್ತಾರೆ. ಮಾತು ಮುಗಿದ ಮೇಲೆ ಔಷಧಿ ಚೀಟಿ ಮೊಬೈಲಿಗೇ ಬರುತ್ತದೆ.

ಎರಡನೆಯ ದಾರಿ ಊರಿನ ಆರೋಗ್ಯ ಕೇಂದ್ರದಿಂದ. ಸ್ಮಾರ್ಟ್ ಫೋನ್ ಇಲ್ಲದವರಿಗೆ, ಓದು ಬರಹ ಬಾರದವರಿಗೆ, ನೆಟ್‌ವರ್ಕ್ ಸರಿಯಿಲ್ಲದ ಕಡೆಯವರಿಗೆ ಇದೇ ಉತ್ತಮ. ಉಪಕೇಂದ್ರ ಮಟ್ಟದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಲ್ಲಿ (2023ರಿಂದ ಕೇಂದ್ರ ಸರಕಾರ ಇವನ್ನು ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಕರೆಯುತ್ತಿದೆ) ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಅವರೇ ರೋಗಿಯನ್ನು ಕೂರಿಸಿಕೊಂಡು, ಕಾಲನ್ನು ನೋಡಿ, ದೂರದ ವೈದ್ಯರೊಡನೆ ಮಾತನಾಡಿಸುತ್ತಾರೆ. ಹೋಗುವ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಅವರಿರುವ ದಿನ, ಸಮಯ ತಿಳಿದುಕೊಂಡರೆ ನಡಿಗೆ ವ್ಯರ್ಥವಾಗದು.

ಖಾಸಗಿ ವೈದ್ಯರೂ ಆನ್‌ಲೈನಿನಲ್ಲಿ ಸಿಗುತ್ತಾರೆ. ಅಲ್ಲಿ ಶುಲ್ಕವಿರುತ್ತದೆ. ಹಣ ಕೊಡುವ ಮೊದಲು ವೈದ್ಯರ ಪೂರ್ತಿ ಹೆಸರು, ಪದವಿ, ನೋಂದಣಿ ಸಂಖ್ಯೆ ಕೇಳುವುದು ತಪ್ಪಲ್ಲ. ಯಾರಾದರೂ ಕರೆ ಮಾಡಿ ಗುಪ್ತ ಸಂಖ್ಯೆ ಹೇಳಿ ಎಂದರೆ ಹೇಳಬೇಡಿ.

ಒಳ್ಳೆಯ ಚಿತ್ರ ತೆಗೆಯುವುದು ಹೇಗೆ?

ಫೋನಿನ ಚಿಕಿತ್ಸೆಯಲ್ಲಿ ಚಿತ್ರ ಮಸುಕಾದರೆ ಸಲಹೆಯೂ ಮಸುಕಾಗುತ್ತದೆ. ನೆಟ್‌ವರ್ಕ್ ದುರ್ಬಲವಿರುವ ಹಳ್ಳಿಗಳಲ್ಲಿ ವಿಡಿಯೋ ನಡುವೆ ನಿಂತುಹೋಗಬಹುದು. ಆದ್ದರಿಂದ ಮುಂಚಿತವಾಗಿ ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು.

1. ಕಾಲನ್ನು ತೊಳೆದು, ಒರೆಸಿ, ಪೂರ್ತಿ ಒಣಗಿಸಿ. ಅರಿಶಿನ, ಸುಣ್ಣ, ನೇರಳೆ ಬಣ್ಣದ ಔಷಧಿ ಯಾವುದನ್ನೂ ಹಚ್ಚಿರಬೇಡಿ. ಬಣ್ಣದ ಕೆಳಗೆ ರೋಗ ಕಾಣುವುದಿಲ್ಲ.
2. ಹಗಲಿನ ಬೆಳಕಿನಲ್ಲಿ, ಕಿಟಕಿ ಅಥವಾ ಜಗಲಿಯ ಬಳಿ ತೆಗೆಯಿರಿ. ಫ್ಲ್ಯಾಶ್ ಬೇಡ, ಅಂದಗೊಳಿಸುವ ಫಿಲ್ಟರ್ ಬೇಡ.
3. ಎರಡೂ ಪಾದಗಳ ಒಂದು ಚಿತ್ರ, ಎರಡೂ ಅಂಗಾಲುಗಳ ಒಂದು ಚಿತ್ರ, ಬೆರಳುಗಳನ್ನು ಮೆಲ್ಲನೆ ಅಗಲಿಸಿ ಸಂದಿಯ ಒಂದು ಹತ್ತಿರದ ಚಿತ್ರ, ಉಗುರುಗಳ ಒಂದು ಚಿತ್ರ. ಇಷ್ಟು ಸಾಕು.
4. ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳ ಹೆಸರು ಕಾಣುವಂತೆ ಇನ್ನೊಂದು ಚಿತ್ರ ತೆಗೆಯಿರಿ. ವೈದ್ಯರಿಗೆ ಇದು ಬಹಳ ಮುಖ್ಯ. ಸ್ಟೀರಾಯ್ಡ್ ಹಚ್ಚಿದ್ದನ್ನು ಮುಚ್ಚಿಡಬೇಡಿ.
5. ಈ ಚಿತ್ರಗಳನ್ನು ವೈದ್ಯರಿಗೆ ಮಾತ್ರ ಕಳುಹಿಸಿ. ಕುಟುಂಬದ, ವಾಳೆಯ ಅಥವಾ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ‘ಯಾರಿಗಾದರೂ ಮದ್ದು ಗೊತ್ತೇ?’ ಎಂದು ಕೇಳಬೇಡಿ.

ವೈದ್ಯರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಇವೇ: ಎಷ್ಟು ದಿನದಿಂದ ಇದೆ? ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯೇ? ತೊಡೆಸಂದಿಯಲ್ಲಿ ಇದೆಯೇ? ಸಕ್ಕರೆ ಕಾಯಿಲೆ ಇದೆಯೇ? ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಗರ್ಭಿಣಿಯೇ, ಮೊಲೆಯೂಡಿಸುತ್ತಿದ್ದೀರಾ? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಐದು ನಿಮಿಷದ ಕರೆಯಲ್ಲಿ ಯಾವುದೂ ಮರೆತುಹೋಗುವುದಿಲ್ಲ. ತೊಡೆಸಂದಿಯ ಪ್ರಶ್ನೆಗೆ ಸಂಕೋಚಪಟ್ಟು ‘ಇಲ್ಲ’ ಎಂದರೆ ಕಾಲು ಗುಣವಾಗಿಯೂ ಸೋಂಕು ಮೈಯಲ್ಲೇ ಉಳಿಯುತ್ತದೆ.

ಚಿಕಿತ್ಸೆ ಹೇಗಿರುತ್ತದೆ?

ಬೆರಳ ಸಂದಿಯ ಸಾಧಾರಣ ಸೋಂಕಿಗೆ ಹಚ್ಚುವ ಮುಲಾಮೇ ಸಾಕಾಗುತ್ತದೆ. ಕ್ಲೋಟ್ರಿಮಜೋಲ್ 1 ಶೇಕಡಾ ಮುಲಾಮನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ನಾಲ್ಕು ವಾರದವರೆಗೆ ಹಚ್ಚಲು ಹೇಳುತ್ತಾರೆ. ಟರ್ಬಿನಾಫಿನ್ ಮುಲಾಮಿನ ಅವಧಿ ಇದಕ್ಕಿಂತ ಕಡಿಮೆ. ಯಾವುದು, ಎಷ್ಟು ದಿನ ಎಂಬುದನ್ನು ನಿಮ್ಮನ್ನು ನೋಡಿದ ವೈದ್ಯರೇ ನಿರ್ಧರಿಸಬೇಕು. ಗಾಯದ ಮೇಲಷ್ಟೇ ಅಲ್ಲ, ಸುತ್ತಲಿನ ಒಂದೆರಡು ಸೆಂಟಿಮೀಟರ್ ಜಾಗಕ್ಕೂ ತೆಳುವಾಗಿ ಹಚ್ಚಬೇಕು.

ಹೆಚ್ಚಿನವರು ಸೋಲುವುದು ಒಂದೇ ಕಡೆ. ನಾಲ್ಕೈದು ದಿನಕ್ಕೆ ತುರಿಕೆ ನಿಲ್ಲುತ್ತದೆ, ಆಗ ಮುಲಾಮನ್ನೂ ನಿಲ್ಲಿಸುತ್ತಾರೆ. ತುರಿಕೆ ನಿಂತರೂ ಶಿಲೀಂಧ್ರ ಚರ್ಮದಲ್ಲಿ ಇನ್ನೂ ಇರುತ್ತದೆ. ಚೀಟಿಯಲ್ಲಿ ಬರೆದ ಅವಧಿಯನ್ನು ಪೂರ್ತಿ ಮುಗಿಸಬೇಕು.

ಉಗುರು ದಪ್ಪವಾಗಿ, ಹಳದಿಯಾಗಿ, ಪುಡಿಯಾಗುತ್ತಿದ್ದರೆ ಬರೀ ಮುಲಾಮಿನಿಂದ ಗುಣವಾಗುವುದು ಕಷ್ಟ. ಅದಕ್ಕೆ ತಿಂಗಳುಗಟ್ಟಲೆ ನುಂಗುವ ಮಾತ್ರೆ ಬೇಕಾಗಬಹುದು. ಆ ಮಾತ್ರೆಗಳು ಕೆಲವರಲ್ಲಿ ಪಿತ್ತಜನಕಾಂಗಕ್ಕೆ ತೊಂದರೆ ಕೊಡುತ್ತವೆ, ಬೇರೆ ಔಷಧಿಗಳೊಡನೆ ಹೊಂದುವುದೂ ಇಲ್ಲ. ಪಕ್ಕದ ಮನೆಯವರ ಚೀಟಿ ನೋಡಿ ಅವನ್ನು ನುಂಗಬಾರದು.

ಔಷಧಿಯಷ್ಟೇ ಮುಖ್ಯವಾದದ್ದು ಕಾಲನ್ನು ಒಣಗಿಸುವುದು. ಕೆಲಸದಿಂದ ಬಂದೊಡನೆ ಸಾಬೂನಿನಿಂದ ತೊಳೆದು, ಬೇರೆಯೇ ಒಂದು ಬಟ್ಟೆಯಿಂದ ಪ್ರತಿ ಸಂದಿಯನ್ನೂ ಒರೆಸಿ. ಗಂಬೂಟಿನ ಒಳಭಾಗವನ್ನು ರಾತ್ರಿ ತಲೆಕೆಳಗಾಗಿಟ್ಟು ಒಣಗಿಸಿ. ಸಾಧ್ಯವಿದ್ದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಶಾಲೆಯ ಮಕ್ಕಳಿಗೆ ಮಳೆಗಾಲದಲ್ಲಿ ಒದ್ದೆ ಬೂಟಿಗಿಂತ ತೆರೆದ ಚಪ್ಪಲಿ ಒಳ್ಳೆಯದು. ಈ ಬಗ್ಗೆ ಶಾಲೆಗಳು ಸ್ವಲ್ಪ ಸಡಿಲಿಕೆ ತೋರಿದರೆ ಮಕ್ಕಳಿಗೆ ಉಪಕಾರವಾಗುತ್ತದೆ. ಸಾಕ್ಸ್, ಒಳ ಉಡುಪು, ಟವೆಲ್‌ಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಳ ಉಡುಪು ತೊಡುವ ಮೊದಲೇ ಸಾಕ್ಸ್ ಹಾಕಿಕೊಂಡರೆ ಕಾಲಿನ ಸೋಂಕು ತೊಡೆಸಂದಿಗೆ ತಗಲುವುದು ತಪ್ಪುತ್ತದೆ. ಮನೆಯಲ್ಲಿ ಇಬ್ಬರಿಗೆ ಸೋಂಕಿದ್ದರೆ ಇಬ್ಬರೂ ಒಂದೇ ಕಾಲಕ್ಕೆ ಚಿಕಿತ್ಸೆ ಪಡೆಯಬೇಕು.

ಫೋನು ಸಾಲದ ಸಂದರ್ಭಗಳು

ಇದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಕೆಳಗಿನ ಯಾವುದಾದರೂ ಇದ್ದರೆ ಆನ್‌ಲೈನ್ ಸರದಿಗೆ ಕಾಯದೆ ನೇರವಾಗಿ ವೈದ್ಯರ ಬಳಿಗೆ ಹೋಗಬೇಕು:

- ಸಕ್ಕರೆ ಕಾಯಿಲೆ ಇರುವವರ ಕಾಲಿನಲ್ಲಿ ಬಿರುಕು, ಗಾಯ ಅಥವಾ ಹುಣ್ಣು.
- ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಮೇಲಕ್ಕೆ ಹರಡುತ್ತಿರುವುದು, ಜ್ವರ, ಚಳಿ, ತೊಡೆಸಂದಿಯಲ್ಲಿ ಗಂಟು.
- ಕೀವು, ಕಪ್ಪಾದ ಚರ್ಮ, ತಡೆಯಲಾಗದ ನೋವು.
- ಕಾಲಿನಲ್ಲಿ ಮರಗಟ್ಟಿದ ಅನುಭವ. ಇದು ಸಕ್ಕರೆ ಕಾಯಿಲೆಯಿಂದಲೂ ಕುಷ್ಠರೋಗದಿಂದಲೂ ಬರಬಹುದು. ಮುಟ್ಟಿ ಪರೀಕ್ಷಿಸದೆ ತಿಳಿಯುವುದಿಲ್ಲ.
- ನಾಲ್ಕು ವಾರ ಸರಿಯಾಗಿ ಹಚ್ಚಿದರೂ ಕಡಿಮೆಯಾಗದಿರುವುದು.

ಬೆರಳ ಸಂದಿಯ ಬಿರುಕು ಚಿಕ್ಕದಾದರೂ ಅದು ಬ್ಯಾಕ್ಟೀರಿಯಾಗಳಿಗೆ ತೆರೆದ ಬಾಗಿಲು. ಸಕ್ಕರೆ ಕಾಯಿಲೆಯವರಲ್ಲಿ ಇಂಥ ಬಾಗಿಲಿನಿಂದ ಒಳಹೊಕ್ಕ ಸೋಂಕು ಬೆರಳನ್ನೋ ಪಾದವನ್ನೋ ಕತ್ತರಿಸುವ ತನಕ ಹೋಗಬಹುದು. ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗದಿಂದ ಬಳಲುವವರಿಗೂ ಇದು ಮುಖ್ಯ. ಅವರಿಗೆ ಮತ್ತೆ ಮತ್ತೆ ಬರುವ ಜ್ವರ, ಊತಗಳಿಗೆ ಬೆರಳ ಸಂದಿಯ ಬಿರುಕೇ ಅನೇಕ ವೇಳೆ ಕಾರಣ. ದಿನವೂ ಕಾಲು ತೊಳೆದು ಒಣಗಿಸುವುದೇ ಅವರ ಚಿಕಿತ್ಸೆಯ ಅರ್ಧ ಭಾಗ.

ನಾಲ್ಕು ವಾರಕ್ಕೂ ವಾಸಿಯಾಗದಿದ್ದರೆ ಅದು ಶಿಲೀಂಧ್ರವೇ ಅಲ್ಲದಿರಬಹುದು. ರಬ್ಬರ್ ಚಪ್ಪಲಿಯ ಅಲರ್ಜಿ, ಸೋರಿಯಾಸಿಸ್, ಕಜ್ಜಿ, ಬ್ಯಾಕ್ಟೀರಿಯಾದ ಸೋಂಕು ಇವೆಲ್ಲ ನೋಡಲು ಹೀಗೆಯೇ ಇರಬಹುದು. ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಒಂದು ಸರಳ ಪರೀಕ್ಷೆ ಇದೆ. ಅದನ್ನು ಫೋನಿನಲ್ಲಿ ಮಾಡಲಾಗದು. ದಾವಣಗೆರೆ, ಶಿವಮೊಗ್ಗಗಳ ಬಸ್ಸು ಹತ್ತಬೇಕಾದದ್ದು ಆಗಲೇ. ಹೋಗುವಾಗ ಫೋನಿನಲ್ಲಿ ಬಂದ ಚೀಟಿ, ಹಳೆಯ ಚಿತ್ರಗಳು, ಟ್ಯೂಬುಗಳು ಜೊತೆಗಿರಲಿ.

ನಾವು ಮಾಡಬಹುದಾದದ್ದು

ಮನೆಮನೆಗೆ ಭೇಟಿ ನೀಡುವ ನಮ್ಮ ಕಾರ್ಯಕರ್ತರು ಇದರಲ್ಲಿ ಬಹಳಷ್ಟು ಮಾಡಬಲ್ಲರು. ಅವರು ವೈದ್ಯರಾಗಬೇಕಾಗಿಲ್ಲ, ಮದ್ದು ಹೇಳಬೇಕಾಗಿಲ್ಲ. ಒಬ್ಬ ಅಜ್ಜಿಯ ಒಪ್ಪಿಗೆ ಕೇಳಿ ಅವರ ಕಾಲಿನ ಚಿತ್ರ ತೆಗೆದುಕೊಡಬಹುದು. ಕರೆ ಬಂದಾಗ ಫೋನ್ ಹಿಡಿದು, ಕೇಳಿಸದ ಮಾತನ್ನು ಮತ್ತೆ ಹೇಳಬಹುದು. ಚೀಟಿಯನ್ನು ಓದಿ ಎಷ್ಟು ದಿನ ಹಚ್ಚಬೇಕೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡಬಹುದು. ಕೆಲಸ ಮುಗಿದ ಮೇಲೆ ತಮ್ಮ ಫೋನಿನಲ್ಲಿರುವ ಚಿತ್ರವನ್ನು ಅಳಿಸಬೇಕು. ಎರಡು ವಾರ ಕಳೆದು ಮತ್ತೊಮ್ಮೆ ಹೋಗಿ ‘ಮುಲಾಮು ಹಚ್ಚುತ್ತಿದ್ದೀರಾ?’ ಎಂದು ಕೇಳುವ ಒಂದು ಮಾತು ಟ್ಯೂಬಿನಷ್ಟೇ ಉಪಯುಕ್ತ.

ಸಂತೇಬೆನ್ನೂರು ಕಡೆಯ ಆ ತಾಯಿಯನ್ನು ಮತ್ತೆ ನೆನೆಯೋಣ. ಆಕೆ ಕೂಲಿ ಕಳೆದುಕೊಳ್ಳದೆ, ಸಂಜೆ ಉಪಕೇಂದ್ರದಲ್ಲೋ ಬಿಡುವಿನ ವೇಳೆ ಮಗಳ ಫೋನಿನಲ್ಲೋ ವೈದ್ಯರನ್ನು ಕಂಡು, ಸರಿಯಾದ ಒಂದೇ ಮುಲಾಮನ್ನು ಪೂರ್ತಿ ಅವಧಿ ಹಚ್ಚಿದರೆ ಕೆಲವು ವಾರಗಳಲ್ಲಿ ಕಾಲು ಗುಣವಾಗುತ್ತದೆ. ಆಕೆಗೆ ಸಕ್ಕರೆ ಕಾಯಿಲೆ ಇದ್ದರೆ ಅದೇ ಕರೆಯಲ್ಲಿ ವೈದ್ಯರು ‘ಕೂಡಲೇ ಆಸ್ಪತ್ರೆಗೆ ಹೋಗಿ’ ಎನ್ನುತ್ತಾರೆ. ಎರಡೂ ಆಕೆಗೆ ಒಳಿತೇ. ಇಂದು ರಾತ್ರಿ ಮಲಗುವ ಮುನ್ನ ಮನೆಯವರ ಕಾಲ್ಬೆರಳ ಸಂದಿಯನ್ನೂ ಕಪಾಟಿನಲ್ಲಿರುವ ಟ್ಯೂಬಿನ ಹೆಸರನ್ನೂ ಒಮ್ಮೆ ನೋಡಿ ಎಂದು ಓದುಗರಲ್ಲಿ ನಮ್ಮ ವಿನಂತಿ.